ಒರೆಸಿಟ್ಟ ಚೌಕ

ಪಂಪಾಪತಿಗೆ ನೆಲದ ಮೇಲೆ ಕೂರಲು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಗಂಗಾವತಿಯಿಂದ ಕುಷ್ಟಗಿಯವರೆಗೆ ಆದ ಮದುವೆಗಳಲ್ಲಿ ಅವನು ಕೂರದ ಪಂಕ್ತಿಯೇ ಇಲ್ಲ. ಯಲಬುರ್ಗಾದಲ್ಲಿ ಸೋದರತ್ತೆಯ ಮಗನ ಲಗ್ನದಲ್ಲಿ ಮೂರು ಪಂಕ್ತಿ ಉಂಡು ಎದ್ದು ಹೋದರೂ ಇವನು ಚಕ್ಕಳಬಕ್ಕಳ ಹಾಕಿಕೊಂಡು ಕೂತಲ್ಲೇ ಕೂತು ನಲವತ್ತು ಹೋಳಿಗೆ ತಿಂದಿದ್ದ. ಬಡಿಸುವವನು ಕೈಸೋತು ಬುಟ್ಟಿಯನ್ನೇ ಮುಂದಿಟ್ಟು ತಾನೂ ಪಕ್ಕದಲ್ಲಿ ಕೂತುಬಿಟ್ಟಿದ್ದ. ಮಕ್ಕಳನ್ನು ಇಟಗಿಯ ಗುಡಿಗೆ ಪ್ರವಾಸ ಕರೆದೊಯ್ದಾಗ ಒಂದೇ ಕಂಬಕ್ಕೆ ಬೆನ್ನು ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ಕತೆ ಹೇಳಿದ್ದ, ಆವತ್ತಿನಿಂದ ಆ ಕಂಬ ಒಂದು ಬೆರಳಿನಷ್ಟು ವಾಲಿದೆ, ಬೇಕಾದವರು ಹೋಗಿ ಅಳೆದು ನೋಡಬಹುದು. ಅಂಥ ಮನುಷ್ಯನಿಗೆ ಈ ಶುಕ್ರವಾರ ಬೆಳಿಗ್ಗೆ, ಕಾಲುವೆಯ ದಂಡೆಗುಂಟ ಮೋಟರ್‌ಸೈಕಲ್ಲು ಓಡಿಸುತ್ತ ಶಾಲೆಗೆ ಹೋಗುವಾಗ, ಮೂರಡಿ ಉದ್ದ ಮೂರಡಿ ಅಗಲದ ಒಂದು ತುಂಡು ನೆಲ ನೆನಪಾಗಿ ಮೊಣಕಾಲ ಚಿಪ್ಪು ತಣ್ಣಗಾಯಿತು.

ಕಾಲುವೆಯ ಎರಡೂ ಬದಿಗೆ ನಾಟಿ ನಡೆದಿತ್ತು. ಕಣ್ಣು ಹೋದಲ್ಲೆಲ್ಲ ಕೆಸರು ನೀರು, ನೀರಿನೊಳಗೆ ಸೊಂಟ ಬಗ್ಗಿಸಿದ ಹೆಂಗಸರು. ಸಿದ್ದಾಪುರದಿಂದ ನವಲಿಯ ತನಕ ಏನಿಲ್ಲೆಂದರೂ ಲಕ್ಷ ಬೆನ್ನುಗಳಿದ್ದವು. ಎಲ್ಲರೂ ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ಒಂದೊಂದೇ ಊರಿ, ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮುಂದೆ ಹೋಗುವ ಕೆಲಸವೇ ಅಲ್ಲ ಅದು. ಮುಂದೆ ಹೋದರೆ ಊರಿದ ಸಸಿ ಕಾಲಡಿಗೆ ಸಿಗುತ್ತದೆ. ಹದಿನಾರು ವರ್ಷ ಇದೇ ದಾರಿಯಲ್ಲಿ ಓಡಾಡಿದ್ದರೂ ಇದನ್ನು ಅವನು ನೋಡಿದ್ದೇ ಇಲ್ಲ ಎನ್ನಬೇಕು. ಕಳೆದ ಶನಿವಾರದಿಂದ ಮಾತ್ರ ಒಂದೊಂದು ಬೆನ್ನೂ ಬೇರೆಬೇರೆಯಾಗಿ ಕಾಣತೊಡಗಿತ್ತು. ಇವರೆಲ್ಲ ಸೇರಿ ತನ್ನನ್ನು ಅಣಕಿಸುತ್ತಿದ್ದಾರೆ ಎನ್ನಿಸುತ್ತಿತ್ತು. ಅಣಕಿಸಿದವನು ತಾನು ಎಂಬುದು ಆಮೇಲೆ, ಒಂದು ಫರ್ಲಾಂಗು ದಾಟಿದ ಮೇಲೆ ನೆನಪಾಗುತ್ತಿತ್ತು.

ನಗಿಸುವುದರಲ್ಲಿ ಅವನ ಸಮ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಒಂಬತ್ತನೇ ತರಗತಿಗೆ ಅವನು ಕನ್ನಡ ಪಾಠ ಮಾಡುವಾಗ ಕಾಲುವೆಯಾಚೆ ಎಮ್ಮೆ ಕಾಯುವವರೂ ನಕ್ಕು ನಕ್ಕು ಎಮ್ಮೆ ಕಳೆದುಕೊಂಡಿದ್ದರು. ಹಾಗೆಂದು ಮುಖ್ಯೋಪಾಧ್ಯಾಯ ದೇವೇಂದ್ರಪ್ಪನವರೇ ಹೇಳುತ್ತಿದ್ದರು, ಅಥವಾ ಅವರು ಹೇಳಿದರೆಂದು ಪಂಪಾಪತಿ ಹೇಳುತ್ತಿದ್ದ. ಜೂನ್ ತಿಂಗಳಲ್ಲಿ ಕೊಪ್ಪಳದ ತರಬೇತಿಯಿಂದ ಬಂದವನು ಮೊದಲ ವಾರವೇ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಈ ವರ್ಷ ನಮ್ಮ ಕ್ಲಾಸಿನ ಕಾನೂನು ನೀವೇ ಬರೆಯಬೇಕು ಎಂದಿದ್ದ. ಕಾನೂನೆಲ್ಲ ಅವನ ಜೇಬಿನ ಚೀಟಿಯಲ್ಲಿ ಮೊದಲೇ ಇತ್ತು. ಹಸುವಿನ ಕೆಚ್ಚಲಿಗೆ ಕೈಹಾಕಿ ಹಾಲು ಕರೆದಂತೆ ಒಂದೊಂದನ್ನೇ ಅವರ ಬಾಯಿಂದ ಕರೆದ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ತಪ್ಪು ಉತ್ತರಕ್ಕೆ ನಗಬಾರದು. ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದು ಆಮೇಲೆ ಕಾರಣ ಕೇಳಬೇಕು. ಯಾರ ಮನೆಯ ಕೆಲಸವನ್ನೂ, ಬಟ್ಟೆಯನ್ನೂ, ಮಾತಾಡುವ ರೀತಿಯನ್ನೂ ಆಡಿಕೊಳ್ಳಬಾರದು. ಹೀಗೆ ಏಳು ಕರೆದಾದ ಮೇಲೆ, ತಪ್ಪಿದವರು ಏನು ಮಾಡಬೇಕು ಎಂಬ ಎಂಟನೆಯದಕ್ಕೆ, ತಾವಾಗಿಯೇ ಎದ್ದು ನಿಂತು ಇಂಥದ್ದು ತಪ್ಪಿದೆ ಎಂದು ಹೇಳಬೇಕು ಎಂದು ತರಗತಿಯ ಲೀಡರ್ ಅಮೃತಾ ಹೇಳಿದಳು. ಅದೂ ಚೀಟಿಯಲ್ಲಿತ್ತು. ಚೀಟಿಯಲ್ಲಿ ಇಲ್ಲದ ಒಂದೇ ಒಂದು ಮಾತು ಬಂದದ್ದು ಅತೀಯಾಳಿಂದ.

"ಸರ್, ನೀವು ತಪ್ಪಿದ್ರ?"

"ನಾನೂ ನಿಂದ್ರತೀನಿ."

"ನೀವು ಮೊದಲಾ ನಿಂತಿರತೀರಲ್ಲರಿ. ತಪ್ಪಿ ನಿಂತೀರೋ, ಪಾಠಾ ಮಾಡಾಕ ನಿಂತೀರೋ, ನಮಗ ಹೆಂಗ ಗೊತ್ತಾಗಬೇಕು?"

ಇಡೀ ತರಗತಿ ಹೋ ಎಂದಿತು. ಪಂಪಾಪತಿಗೆ ತನ್ನದೇ ಬಾಯಿಂದ ತಪ್ಪಿಸಿಕೊಂಡು ಹೋದ ಒಂದು ಹಾಸ್ಯ ಆ ಹುಡುಗಿಯ ಬಾಯಲ್ಲಿ ಹೋಗಿ ಕೂತಂತೆ ಕಂಡಿತು. ಎರಡು ಜಡೆಯ, ಮೂಗಿನ ಮೇಲೆ ಸಣ್ಣ ಗಾಯದ ಕಲೆಯ, ಕೊನೆಯ ಬೆಂಚಿನ ಹುಡುಗಿ. ಉತ್ಸಾಹದಲ್ಲಿ ಮೇಜು ಕುಟ್ಟಿ, "ಶಹಬ್ಬಾಸ್! ಹಂಗಾದ್ರ ನಾ ತಪ್ಪಿದ್ರ ಕುಂದರತೀನಿ. ಕುರ್ಚಿ ಮ್ಯಾಲ ಅಲ್ಲ, ಇಲ್ಲಿ, ಈ ಬೋರ್ಡಿನ ಕೆಳಗ, ನೆಲದ ಮ್ಯಾಲ," ಎಂದು ಬೂಟಿನ ತುದಿಯಿಂದ ಗಾಳಿಯಲ್ಲಿ ಒಂದು ಚೌಕ ಬರೆದು ತೋರಿಸಿದ್ದ. ಎಂಟೂ ನಿಯಮಗಳನ್ನು, ಎಂಟನೆಯದಕ್ಕೆ ಸರ್ ಕೂರುವ ಮಾತನ್ನೂ ಸೇರಿಸಿ, ಹಳದಿ ಡ್ರಾಯಿಂಗ್ ಶೀಟಿನ ಮೇಲೆ ಅಮೃತಾ ದುಂಡಗೆ ಬರೆದಳು. ದೇವೇಂದ್ರಪ್ಪನವರ ಟೇಬಲ್ಲಿನಿಂದ ಸ್ಟಾಂಪ್ ಪ್ಯಾಡು ತಂದು ನಲವತ್ತೊಂದು ಮಕ್ಕಳೂ ಕೆಳಗೆ ಹೆಬ್ಬೆಟ್ಟು ಒತ್ತಿದರು. ಕೊನೆಗೆ ಅವನೂ ಒತ್ತಿದ, ಎಲ್ಲರಿಗಿಂತ ದೊಡ್ಡದಾಗಿ, ನಡುವೆ. ಆ ಹಾಳೆ ಗಂಗಾವತಿಯವರೆಗೆ ಪ್ರಸಿದ್ಧವಾಯಿತು. ಗಂಗಾವತಿ ಎನ್ನುವುದು ಅವನ ವಿನಯ. ಕೊಪ್ಪಳದಲ್ಲೂ ಅದರ ಫೋಟೋ ಫೋನಿನಿಂದ ಫೋನಿಗೆ ಹಾರಿತ್ತು. ಅದಕ್ಕೇ ಇವತ್ತು ಅದನ್ನು ಕಣ್ಣಾರೆ ನೋಡಲು ಶಿಕ್ಷಣ ಇಲಾಖೆಯಿಂದ ಶಾಂಭವಿ ಮೇಡಂ ಬರುವವರಿದ್ದರು.

ಮೇಡಂ ಬರುವ ಮೊದಲೇ ಕೂತುಬಿಡಬೇಕು ಎಂದು ಅವನು ಕಾಲುವೆಯ ಸೇತುವೆಯ ಹತ್ತಿರ ತೀರ್ಮಾನಿಸಿದ. ಮಂಗಳವಾರವೂ ಇದೇ ಸೇತುವೆಯ ಹತ್ತಿರ ಇದೇ ತೀರ್ಮಾನವಾಗಿತ್ತು. ಬುಧವಾರ, ಗುರುವಾರ ಕೂಡ. ಏನು ಮಹಾ ಆಗಿದ್ದು? ನಗಿಸುವವನು ನಗಿಸಿದ್ದ. ಶನಿವಾರ ಬೆಳಗಿನ ಶಾಲೆ, ಎಂಟಕ್ಕೆ ಬರಬೇಕಾದ ಅತೀಯಾ ಒಂಬತ್ತಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದಳು. ಮೀನಖಂಡದವರೆಗೆ ಕೆಸರು ಒಣಗಿ ಬೂದಿ ಬಣ್ಣವಾಗಿತ್ತು. ನಿಯಮದ ಪ್ರಕಾರವೇ ಅವನು ಮೊದಲು ಒಳಗೆ ಕರೆದ. ಕಾರಣ ಕೇಳುವುದು ಮರೆಯಿತು. "ಬಾ, ನಿಂತಾಕಿ ನಿಂತಂಗ ಓದು," ಎಂದು ಪುಸ್ತಕ ಕೊಟ್ಟ. ಅವಳ ಬೆರಳ ತುದಿಗಳು ನೀರಲ್ಲಿ ನೆನೆದು ಸುಕ್ಕಾಗಿದ್ದವು, ಹಾಳೆ ಅಂಟಿಕೊಂಡು ಬರುತ್ತಿತ್ತು. ಒಂದು ಶಬ್ದ ಓದುವಳು, ನಿಲ್ಲುವಳು. ಇನ್ನೊಂದು ಓದುವಳು, ನಿಲ್ಲುವಳು. ತರಗತಿಯಲ್ಲಿ ಆಕಳಿಕೆ ಎದ್ದಿತು. ಆಕಳಿಕೆ ಅವನಿಗೆ ಆಗದು. ಆಕಳಿಸುವ ಬಾಯಿ ಕಂಡರೆ ಅದರೊಳಗೆ ಒಂದು ನಗು ತುರುಕುವ ತನಕ ಅವನ ಜೀವಕ್ಕೆ ಸಮಾಧಾನವಿಲ್ಲ. ಎಲ್ಲಿಂದ ಬಂತೋ, ನಾಲಿಗೆಗೆ ಬಂದೇಬಿಟ್ಟಿತು.

"ನೋಡ್ರಲೇ, ಅತೀಯಾ ಓದೂದಲ್ಲ, ನಾಟಿ ಹಚ್ಚಾಕತ್ಯಾಳ! ಒಂದ ಅಕ್ಷರ ಊರ್ತಾಳ, ಒಂದ ಹೆಜ್ಜಿ ಹಿಂದ ಸರಿತಾಳ. ಈಕಿ ಪಾಠಾ ಮುಗಸೂದರಾಗ ಮೊದಲನೇ ಸಾಲು ಕೊಯ್ಲಿಗೆ ಬರತೈತಿ!"

ಇಷ್ಟಕ್ಕೇ ನಿಲ್ಲಿಸಿದ್ದರೆ. ನಿಲ್ಲಿಸುವುದು ಅವನಿಗೆ ಬಂದಿದ್ದರೆ ಅವನು ಪಂಪಾಪತಿ ಹೇಗಾದಾನು? ಚಾಕ್‌ಪೀಸಿನ ಡಬ್ಬಿ ಎಡಗೈಯಲ್ಲಿ ಹಿಡಿದು, ಸೊಂಟ ಪೂರ್ತಿ ಬಗ್ಗಿಸಿ, ಒಂದೊಂದೇ ಚಾಕ್‌ಪೀಸು ನೆಲಕ್ಕೆ ಊರುತ್ತ, ಹಿಂದೆ ಹಿಂದೆ ಸರಿಯುತ್ತ, ಕುಂಡಿ ಮಕ್ಕಳ ಕಡೆ ಮಾಡಿಕೊಂಡು ಬೋರ್ಡಿನಿಂದ ಬಾಗಿಲವರೆಗೆ ಬಂದ. ಹೆಂಚು ಹಾರಿಹೋಗುವ ಹಾಗೆ ನಕ್ಕರು. ಬೆಂಚಿನ ಮೇಲೆ ಬಿದ್ದು ನಕ್ಕರು. ಅಮೃತಾ ಮುಖ ಮುಚ್ಚಿಕೊಂಡು ನಕ್ಕಳು. ಹದಿನಾರು ವರ್ಷದಲ್ಲಿ ಅಂಥ ನಗು ಬಂದಿರಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ ನೋಡಿದಾಗ ಎಲ್ಲ ತಲೆಕೆಳಗಾಗಿ, ತನ್ನ ಕಾಲುಗಳ ನಡುವಿನಿಂದ, ಕೆಸರಿನ ಎರಡು ಕಾಲುಗಳು ಮಾತ್ರ ಅಲುಗದೆ ನಿಂತದ್ದು ಕಂಡಿತು. ಅವಳು ಅಳಲಿಲ್ಲ. ಪುಸ್ತಕದಲ್ಲಿ ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿ ಬೆರಳಿಟ್ಟುಕೊಂಡು, ನಗು ಮುಗಿಯುವುದನ್ನು ಕಾಯುತ್ತಿದ್ದಳು. ಮುಗಿದ ಮೇಲೆ ಮುಂದಿನ ಶಬ್ದ ಓದಿದಳು.

ಸೋಮವಾರ ಅವಳು ಬರಲಿಲ್ಲ. ನಾಟಿಯ ಹಂಗಾಮು, ಬರುವುದಿಲ್ಲ, ಪ್ರತಿವರ್ಷ ಹೀಗೇ ಎಂದು ಹಾಜರಿ ಪುಸ್ತಕದಲ್ಲಿ ಗುರುತು ಹಾಕುತ್ತ ಅಂದುಕೊಂಡ. ಪಾಠ ಶುರು ಮಾಡಲು ಬೋರ್ಡಿನ ಕಡೆ ತಿರುಗಿದಾಗ ಕಾಲಡಿಯಲ್ಲಿ ಏನೋ ಹೊಳೆಯಿತು. ಬೋರ್ಡಿನ ಕೆಳಗೆ ಮೂರಡಿ ನೆಲವನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು. ಉಳಿದ ಕೋಣೆಯೆಲ್ಲ ದಿನದ ಹಾಗೆ ಕಸಬರಿಗೆಯ ಗೆರೆ, ಮೂಲೆಯಲ್ಲಿ ಧೂಳು. ಅಷ್ಟು ಮಾತ್ರ, ಅಂಚು ಕೂಡ ನೇರವಾಗಿ, ಚೌಕ. ಒಣಗುತ್ತಿದ್ದ ನೀರಿನ ವಾಸನೆ ಬರುತ್ತಿತ್ತು. ಮಕ್ಕಳ ಕಡೆ ನೋಡಿದ. ನಲವತ್ತು ಮುಖಗಳಲ್ಲಿ ಒಂದರಲ್ಲೂ ಏನೂ ಬರೆದಿರಲಿಲ್ಲ. ಆವತ್ತು ಇಡೀ ಪಾಠವನ್ನು ಅವನು ಚೌಕವನ್ನು ತುಳಿಯದೆ ಮಾಡಿದ. ಬೋರ್ಡಿನ ಮೇಲೆ ಬರೆಯಬೇಕಾದಾಗ ಬದಿಗೆ ನಿಂತು, ಕೈಯನ್ನಷ್ಟೇ ಚಾಚಿ ಬರೆದ, ಅಕ್ಷರಗಳೆಲ್ಲ ಇಳಿಜಾರಾದವು. ಮಂಗಳವಾರ ಕಸ ಹೊಡೆಯುವ ಪಾಳಿ ಬೇರೆಯವರದು. ಆದರೂ ಚೌಕ ಒರೆಸಿತ್ತು.

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಯಾರಾದರೂ ಅರ್ಜಿ ಬರೆದಿದ್ದರೆ ಅವನ ನಾಲಿಗೆ ಅದಕ್ಕೆ ಹತ್ತು ಉತ್ತರ ಹೊಲಿಯುತ್ತಿತ್ತು. ಒರೆಸಿದ ನೆಲಕ್ಕೆ ಏನು ಉತ್ತರ ಕೊಡುವುದು? ಮಂಗಳವಾರ ಶಾಲೆ ಬಿಟ್ಟ ಮೇಲೆ ಅವನು ಅತೀಯಾಳ ಮನೆಗೆ ಹೋದ. ಅಲ್ಲೇ, ಅವಳ ಮನೆಯಲ್ಲೇ ನೆಲದ ಮೇಲೆ ಕೂತು ಒಂದು ಮಾತು ಹೇಳಿಬಿಟ್ಟರೆ ತರಗತಿಯ ಮುಂದೆ ಕೂರುವುದು ತಪ್ಪುತ್ತದೆ ಎಂಬ ಲೆಕ್ಕ ಒಳಗೆಲ್ಲೋ ಇತ್ತು. ಓಣಿಯ ಕೊನೆಯ ತಗಡಿನ ಮನೆ. ಒಳಗಿನಿಂದ ಅವಳ ತಾಯಿ ಬಾನುಬೀ ಬಂದಳು, ಬಂದಳು ಎನ್ನುವುದಕ್ಕಿಂತ ಅವಳ ತಲೆ ಮೊದಲು ಬಂತು, ಆಮೇಲೆ ಬೆನ್ನು. ಸೊಂಟದಿಂದ ಮುರಿದು ಮುಂದಕ್ಕೆ ಬಾಗಿದ ಹೆಂಗಸು, ನೆಲದ ಕಡೆ ಮುಖ ಮಾಡಿ, ಕತ್ತನ್ನು ಮಾತ್ರ ಓರೆಯಾಗಿ ಮೇಲೆತ್ತಿ ಅವನನ್ನು ನೋಡಿದಳು. ಶನಿವಾರ ಅವನು ಚಾಕ್‌ಪೀಸಿನ ಡಬ್ಬಿ ಹಿಡಿದು ಬಗ್ಗಿದ್ದು ಹೀಗೇ, ಇಷ್ಟೇ.

"ಅಯ್ಯ, ಸರ ಬಂದ್ರ? ಬರ್ರಿ, ಬರ್ರಿ. ಅತೀಯಾ ನಾಟಿಗೆ ಹೋಗ್ಯಾಳ್ರಿ. ಕುಂದರ್ರಿ, ಕುರ್ಚಿ ಐತಿ."

"ಇರ್ಲಿ ಬಿಡ್ರಿ, ನೆಲದ ಮ್ಯಾಲ ಕುಂದರತೀನಿ."

"ತೋಬಾ! ಸಾಲಿ ಸರ ನೆಲದ ಮ್ಯಾಲ ಕುಂದರೂದ? ಓಣ್ಯಾಗ ನಾಳೆ ನನ್ನ ಮಾರಿ ಹೆಂಗ ತೋರಸ್ಲಿ? ತೋರಸ್ತೀನಂದ್ರೂ ಯಾರಿಗೂ ಕಾಣೂದಿಲ್ಲ ಬಿಡ್ರಿ, ನೆಲಕ್ಕ ಕಾಣತೈತಿ," ಎಂದು ಅವಳೇ ನಕ್ಕಳು. "ಹ್ವಾದ ವರ್ಷ ಗದ್ದ್ಯಾಗ ಬಗ್ಗಿದಾಕಿ ಮ್ಯಾಲ ಏಳಲೇ ಇಲ್ರಿ. ಡಾಕ್ಟರು ಬಗ್ಗಬ್ಯಾಡ ಅಂತಾರ. ಬಗ್ಗೂದು ಎಲ್ಲಿಂದ ಬಂತು, ಎದ್ರ ತಾನ ಬಗ್ಗಾಕ? ಅದಕ್ಕ ಈ ಸಲ ಆಕಿನ್ನ ಕಳಿಸೀನಿ. ಮುಂಜಾನಿ ಐದಕ್ಕ ಹೋಗಿ ಸಾಲಿ ಹೊತ್ತಿಗೆ ಬಂದುಬಿಡು ಅಂದಿನ್ರಿ. ನಿನ್ನಿಯಿಂದ ಸಾಲಿಗೇ ಒಲ್ಲೆ ಅನ್ನಾಕತ್ಯಾಳ. ಯಾಕ ಅಂದ್ರ ಬಾಯಿ ಬಿಡವಲ್ಲಳು."

ಅವನು ಕುರ್ಚಿಯ ಮೇಲೆ ಕೂತ. ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲು ಸೀಳಿ ತಂತಿ ಸುತ್ತಿದ್ದು. ಅವಳು ಚಹಾ ಕೊಟ್ಟಳು, ಕಪ್ಪುಬಸಿ ಅವನ ಮೊಣಕಾಲಿನ ಎತ್ತರದಲ್ಲಿ ಬಂದು ನಿಂತಿತು, ಅವನೇ ಬಗ್ಗಿ ತೆಗೆದುಕೊಳ್ಳಬೇಕಾಯಿತು.

"ನಿಮ್ಮ ಮಾತು ದಿನಾ ಹೇಳತಿದ್ಲರಿ. ಬಂದಾಕಿನ, ಅಮ್ಮೀ, ಇವತ್ತ ಸರ್ ಹಿಂಗಂದ್ರು, ಹಂಗಂದ್ರು ಅಂತ ನಿಮ್ಮ ದನಿ ಮಾಡಿ, ಕೈ ಮಾಡಿ ತೋರಸ್ತಿದ್ಲು. ನಾ ಮಲಕೊಂಡಲ್ಲೇ ನಕ್ಕೊಂತ ಇರ್ತಿದ್ದೆ. ನಗೂವಾಗ ಸೊಂಟಾ ನೂಸೂದಿಲ್ಲ ನೋಡ್ರಿ, ಅದೇನ ದವಾನೋ. ಈಗ ನಾಕ ದಿನಾತು, ಏನೂ ಹೇಳವಲ್ಲಳು. ಶನಿವಾರ ಏನಂದಿದ್ರಿ ಸರ? ನೀವಾ ಹೇಳ್ರಿ. ಭಾಳ ದಿನಾ ಆದಂಗಾಗೇತಿ ನಕ್ಕು."

ಆಗ ಹೇಳಬಹುದಿತ್ತು. ಓರೆಯಾಗಿ ಮೇಲೆತ್ತಿದ ಆ ಮುಖ ಕಾಯುತ್ತಿತ್ತು, ತುಟಿಯ ಅಂಚಿನಲ್ಲಿ ನಗು ಮೊದಲೇ ಬಂದು ಕೂತಿತ್ತು. ಪಂಪಾಪತಿ ಯಲಬುರ್ಗಾದ ನಲವತ್ತು ಹೋಳಿಗೆಯ ಕತೆ ಹೇಳಿದ. ಈ ಸಲ ಅರವತ್ತು ಮಾಡಿದ. ಬಾನುಬೀ ಸೊಂಟಕ್ಕೆ ಕೈಯಿಟ್ಟುಕೊಂಡು, ಅಯ್ಯ ಅಯ್ಯ ಎನ್ನುತ್ತ, ನೆಲಕ್ಕೆ ನಕ್ಕಳು. ಅವನು ಎದ್ದು ಹೊರಟಾಗ, "ಹುಡುಗೀಗೆ ಹೇಳ್ತೀನ್ರಿ, ಸರ ನಿನ್ನ ಹುಡಿಕ್ಕೊಂಡು ಬಂದಿದ್ರು ಅಂತ. ಬರ್ತಾಳ," ಎಂದಳು. ಬರುವುದು ಬೇಡ ಎಂದು ಅವನ ಮನಸ್ಸು ಸ್ಪಷ್ಟವಾಗಿ, ಅಕ್ಷರ ಅಕ್ಷರವಾಗಿ ಅಂದುಕೊಂಡಿತು. ತನ್ನೊಳಗೆ ಅಂಥದ್ದೊಂದು ದನಿಯಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಶುಕ್ರವಾರ ಅತೀಯಾ ಬಂದಿದ್ದಳು. ಕೊನೆಯ ಬೆಂಚು, ಗೋಡೆಯ ಕಡೆ, ಎಣ್ಣೆ ಹಚ್ಚಿದ ಎರಡು ಜಡೆ. ಚೌಕ ಒರೆಸಿತ್ತು. ಇನ್ನೂ ಹತ್ತು ನಿಮಿಷವಿತ್ತು, ಮೇಡಮ್ಮರ ಗಾಡಿ ಸಿದ್ದಾಪುರ ದಾಟಿದೆ ಎಂದು ಫೋನು ಬಂದಿತ್ತು. ಈಗ ಕೂತರೆ ಆಯಿತು. ಪ್ಯಾಂಟು ಹೊಸದು, ಬಿಳಿ, ನಿನ್ನೆ ಇಸ್ತ್ರಿ ಮಾಡಿಸಿದ್ದು. ಬೇಕೆಂದೇ ಬಿಳಿ ಹಾಕಿಕೊಂಡೆನೇ ಎಂದು ಅವನಿಗೆ ಆಗ ಹೊಳೆಯಿತು. ಕೂತವನು ಏಳುವಾಗ ಮೇಜು ಹಿಡಿಯಬೇಕಾದೀತು, ಬಾಯಿಂದ ಅಮ್ಮಾ ಎಂದು ಬಂದೀತು. ಕೂತು ಏನು ಹೇಳುವುದು? ಅವನ ಬಾಯಿಗೆ ಸಾದಾ ಮಾತು ಬಂದೇ ಎಷ್ಟು ವರ್ಷವಾಗಿತ್ತೋ. ತಪ್ಪಾತವಾ ಎಂದು ಬಾಯೊಳಗೇ ಒಮ್ಮೆ ಅಂದು ನೋಡಿದ. ಅದು ಕೂಡ ಯಾರನ್ನೋ ಅಣಕಿಸಿದಂತೆ ಕೇಳಿಸಿತು. ಅಷ್ಟರಲ್ಲಿ ದೇವೇಂದ್ರಪ್ಪನವರು ಬಾಗಿಲಲ್ಲಿ ನಿಂತು, "ಪಂಪಾಪತಿ, ಬಂದ್ರಪಾ, ಮೇಡಂ ಬಂದ್ರು," ಎಂದರು.

ಶಾಂಭವಿ ಮೇಡಂ ಒಳ್ಳೆಯ ಹೆಂಗಸು. ದರ್ಪವಿಲ್ಲ, ಕೈಯಲ್ಲಿ ನೀರಿನ ಬಾಟಲಿ, ಮಕ್ಕಳನ್ನು ಕಂಡರೆ ತಾನಾಗಿ ಅರಳುವ ಮುಖ. ಹಳದಿ ಹಾಳೆಯ ಮುಂದೆ ಬಹಳ ಹೊತ್ತು ನಿಂತು ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಎಂಟನೆಯದಕ್ಕೆ ಬಂದಾಗ ಕನ್ನಡಕ ಸರಿಮಾಡಿಕೊಂಡರು.

"ಸರ್ ತಪ್ಪಿದ್ರ ನೆಲದ ಮ್ಯಾಲ ಕುಂದರಬೇಕಾ? ಇದನ್ನ ಎಲ್ಲೂ ನೋಡಿದ್ದಿಲ್ಲ ನೋಡ್ರಿ. ಕೂತಿದ್ರೇನು ಎಂದಾದ್ರೂ?"

"ಅವರಿಗೆ ಕುಂದರೋ ಪ್ರಸಂಗಾನ ಬಂದಿಲ್ರಿ ಮೇಡಂ," ಎಂದರು ದೇವೇಂದ್ರಪ್ಪನವರು ಹೆಮ್ಮೆಯಿಂದ.

"ಮಕ್ಕಳಾ, ನೀವು? ಯಾರರ ತಪ್ಪೀರೇನು?"

ಮೊದಲು ಅಮೃತಾ ಎದ್ದಳು. "ನಾ ತಪ್ಪೀನ್ರಿ ಮೇಡಂ. ಹ್ವಾದ ಶನಿವಾರ ನಕ್ಕೇನಿ." ಅವಳ ಹಿಂದೆ ಇಬ್ಬರು ಎದ್ದರು. ಆಮೇಲೆ ಬೆಂಚುಗಳು ಒಂದಾದ ಮೇಲೊಂದು ಕಿರುಗುಟ್ಟಿದವು. ನಾನೂ ನಕ್ಕೇನ್ರಿ, ನಾನೂ ನಕ್ಕೇನ್ರಿ. ಕೊನೆಗೆ ಮಾತಿಲ್ಲದೆ ಬರೀ ಎದ್ದರು. ನಲವತ್ತು ಮಕ್ಕಳು ನಿಂತರು, ಇದು ಹಾಜರಿ ಪುಸ್ತಕದ ಲೆಕ್ಕ, ಹೆಚ್ಚಿಲ್ಲ ಕಡಿಮೆಯಿಲ್ಲ. ಅವರ ನಡುವೆ ಅತೀಯಾ ಒಬ್ಬಳೇ ಕೂತಿದ್ದಳು, ಮುಳುಗಿದವಳಂತೆ ಕಾಣುತ್ತಲೇ ಇರಲಿಲ್ಲ.

"ನೀ ಯಾಕವಾ ಎದ್ದಿಲ್ಲ?"

"ನಾ ನಕ್ಕಿಲ್ರಿ."

"ಅಂಥಾದ್ದೇನ ಇತ್ತು ನಗೂವಂಥಾದ್ದು?"

ಚೌಕ ಅವನ ಬೂಟಿನಿಂದ ಒಂದು ಗೇಣು ದೂರದಲ್ಲಿತ್ತು. ಇದೇ ಹೊತ್ತು, ಇದಾದ ಮೇಲೆ ಇನ್ನೊಂದಿಲ್ಲ ಎಂದು ಅವನಿಗೆ ತಿಳಿಯಿತು. ಎಡ ಮೊಣಕಾಲು ನಿಜವಾಗಿಯೂ ಬಾಗಿತು. ಮೇಜಿನ ಅಂಚು ಹಿಡಿದು ಅವನು ಅರ್ಧ ಇಳಿದಿದ್ದ. ದೇವೇಂದ್ರಪ್ಪನವರು, "ಚಾಕ್‌ಪೀಸ್ ಬಿತ್ತೇನು? ಇರು, ಇರು," ಎಂದು ಅವನಿಗಿಂತ ಮೊದಲೇ ಬಗ್ಗಿ, ಮೇಜಿನ ಕೆಳಗಿದ್ದ ಒಂದು ತುಂಡನ್ನು ಹುಡುಕಿ ತೆಗೆದು ಅವನ ಕೈಗಿಟ್ಟರು. ಶನಿವಾರ ಊರಿದ ಸಾಲಿನಲ್ಲಿ ಉಳಿದಿದ್ದ ತುಂಡೇ ಇರಬೇಕು. ಅವನು, "ಹೌದ್ರಿ," ಎಂದ. ಮೊಣಕಾಲು ತಾನಾಗಿ ನೆಟ್ಟಗಾಯಿತು.

ಅತೀಯಾ ಎದ್ದು ನಿಂತಳು. ತಪ್ಪಿಗಲ್ಲ, ಉತ್ತರ ಹೇಳಲು. "ಶನಿವಾರ ನಾ ಓದಿದ್ದಕ್ಕ ಅಂದದ್ರಿ," ಎಂದು, ಎದೆಯುಬ್ಬಿಸಿ, ಹುಬ್ಬು ಹಾರಿಸಿ, ಪಂಪಾಪತಿಯ ದನಿಯಲ್ಲೇ, ಮನೆಯಲ್ಲಿ ತಾಯಿಗೆ ಮಾಡಿ ತೋರಿಸುತ್ತಿದ್ದಂತೆಯೇ ಇರಬೇಕು, ಪೂರ್ತಿ ಹೇಳಿದಳು. ಅಕ್ಷರ ಊರ್ತಾಳ. ಹೆಜ್ಜಿ ಹಿಂದ ಸರಿತಾಳ. ಪಾಠಾ ಮುಗಸೂದರಾಗ ಎಂದಮೇಲೆ ಒಂದು ಉಸಿರಿನಷ್ಟು ತಡೆದಳು. ಅವನಿಗೆ ಹೊಳೆಯದಿದ್ದ ತಡೆ ಅದು. ಎಲ್ಲರ ಕಿವಿ ಆ ಸಣ್ಣ ಗುಂಡಿಯೊಳಗೆ ಇಳಿದು ಕೂತ ಮೇಲೆ, ಮೆತ್ತಗೆ, "ಮೊದಲನೇ ಸಾಲು ಕೊಯ್ಲಿಗೆ ಬರತೈತಿ," ಎಂದಳು.

ಶಾಂಭವಿ ಮೇಡಂ ತಡೆಯಲು ನೋಡಿದರು. ಬಾಟಲಿಯನ್ನು ಬಾಯಿಗೆ ಒತ್ತಿಕೊಂಡರು. ಆಗಲಿಲ್ಲ, ನಕ್ಕುಬಿಟ್ಟರು. ದೇವೇಂದ್ರಪ್ಪನವರ ಹೊಟ್ಟೆ ಕುಣಿಯಿತು. ಮೂರನೆಯ ನಗು ಯಾರದೆಂದು ಪಂಪಾಪತಿಗೆ ಮೊದಲು ತಿಳಿಯಲಿಲ್ಲ. ಅದು ಅವನ ಹೊಟ್ಟೆಯಿಂದಲೇ ಎದ್ದು ಬರುತ್ತಿತ್ತು. ಆ ತಡೆಗೆ ಬಂದ ನಗು. ಕಸುಬು ಬಲ್ಲವನು ಕಸುಬು ಬಲ್ಲವರನ್ನು ಕಂಡಾಗ ಬರುವ ನಗು. ನಿಲ್ಲಿಸಬೇಕೆಂದಷ್ಟೂ ಭುಜ ಕುಲುಕಿತು. ನಲವತ್ತು ಮಕ್ಕಳು ನಿಂತೇ ಇದ್ದರು, ಒಬ್ಬರ ತುಟಿಯೂ ಅಲುಗಲಿಲ್ಲ. ಮೂವರು ದೊಡ್ಡವರು ನಗುವುದನ್ನು, ಅದು ಮುಗಿಯುವುದನ್ನು ಅವರು ಕಾಯುತ್ತಿದ್ದರು.

"ಅಯ್ಯೋ, ಹಂಗ ನಗಬಾರದು, ನಂದೂ ತಪ್ಪಾತು," ಎಂದು ಮೇಡಂ ಕಣ್ಣೊರೆಸಿಕೊಂಡರು. "ಯಾರಂದದ್ದವಾ ಇದನ್ನ?"

ಅತೀಯಾ ಅವನ ಕಡೆ ನೋಡಲಿಲ್ಲ. ಚೌಕದ ಕಡೆ ನೋಡಿದಳು. "ಅದನ್ನ ಅಂದವರಾ ಹೇಳಬೇಕ್ರಿ. ಎಂಟನೇದು."

ಹೊರಗೆ ಕಾಲುವೆಯಾಚೆ ಟ್ರ್ಯಾಕ್ಟರೊಂದು ಕೆಸರಲ್ಲಿ ಸಿಕ್ಕಿಕೊಂಡು ಗುರುಗುಡುತ್ತಿತ್ತು. ಅದು ಮೂರು ಸಲ ಎದ್ದು ಮೂರು ಸಲ ಬಿದ್ದುದನ್ನು ಪಂಪಾಪತಿ ಎಣಿಸಿದ. ಕೈಯಲ್ಲಿದ್ದ ಚಾಕ್‌ಪೀಸು ಬೆವರಿಗೆ ಮೆತ್ತಗಾಗಿ ಪುಡಿಯಾಗತೊಡಗಿತು. ಬಾಯಿ ತೆರೆದ.

"ಯಾರೋ ಹುಡುಗ್ರು ಇರಬೇಕ್ರಿ. ಊಟಕ್ಕ ಹೊತ್ತಾತು ಮೇಡಂ, ಬರ್ರಿ," ಎಂದರು ದೇವೇಂದ್ರಪ್ಪನವರು.

"ಹೆಸರು ಹೇಳವಲ್ಲಳು ನೋಡ್ರಿ, ಎಂಥಾ ಹುಡುಗಿ! ಎಂಥಾ ಮಕ್ಕಳು! ಹಿಂಗ ನಿಂತಿರ್ರಿ, ಕುಂದರಬ್ಯಾಡ್ರಿ," ಎಂದು ಮೇಡಂ ಫೋಟೋ ತೆಗೆದರು. ಪಂಪಾಪತಿಯನ್ನು ನಡುವೆ ನಿಲ್ಲಿಸಿದರು. ಅವನು ಚೌಕದ ಮೇಲೆಯೇ ನಿಂತಿದ್ದು ಫೋಟೋದಲ್ಲಿ ಕಾಣುವುದಿಲ್ಲ. ಆಮೇಲೆ ಕೊಪ್ಪಳದಲ್ಲಿ ಪ್ರದರ್ಶನಕ್ಕೆ ಇಡುತ್ತೇವೆ ಎಂದು ಹಳದಿ ಹಾಳೆಯನ್ನು ಸುತ್ತಿ, ರಬ್ಬರ್ ಬ್ಯಾಂಡು ಹಾಕಿ, ನಲವತ್ತೆರಡು ಹೆಬ್ಬೆಟ್ಟುಗಳನ್ನೂ ಗಾಡಿಯಲ್ಲಿ ಇಟ್ಟುಕೊಂಡು ಹೋದರು.

ಶನಿವಾರ ಬೆಳಿಗ್ಗೆ ಅವನು ಹಳೆಯ ಖಾಕಿ ಪ್ಯಾಂಟು ಹಾಕಿಕೊಂಡು, ಏಳೂವರೆಗೇ ಬಂದ. ಸೇತುವೆಯ ಹತ್ತಿರ ಏನನ್ನೂ ತೀರ್ಮಾನಿಸಲಿಲ್ಲ. ತೀರ್ಮಾನ ಮೊದಲೇ ಆಗಿತ್ತು, ಈ ಸಲ ಮೊಣಕಾಲೂ ಒಪ್ಪಿತ್ತು. ಮಕ್ಕಳು ಆಗಲೇ ಬಂದು ಕೂತಿದ್ದರು. ಹಾಳೆ ಇದ್ದಲ್ಲಿ ಗೋಡೆ ಸ್ವಲ್ಪ ಬೆಳ್ಳಗೆ, ಮೇಲೆ ಒಂದು ಮೊಳೆ. ಅವನು ಬೋರ್ಡಿನ ಕೆಳಗೆ ನೋಡಿದ. ಅಲ್ಲಿ ಕಸಬರಿಗೆಯ ಗೆರೆಗಳಿದ್ದವು, ಬಾಗಿಲಿನಿಂದ ಶುರುವಾಗಿ ಎಲ್ಲೂ ತುಂಡಾಗದೆ ಎದುರು ಗೋಡೆಯವರೆಗೆ ಹೋಗಿದ್ದವು. ಚೌಕ ಎಲ್ಲಿ ಶುರುವಾಗುತ್ತಿತ್ತು, ಎಲ್ಲಿ ಮುಗಿಯುತ್ತಿತ್ತು ಎಂಬುದು ಅವನಿಗೇ ಗೊತ್ತಾಗಲಿಲ್ಲ.

"ಇವತ್ತ... ನೆಲಾ ಒರಿಸಿಲ್ಲೇನು?"

ಅಮೃತಾ ಎದ್ದು ನಿಂತು, ಕೈಕಟ್ಟಿಕೊಂಡು ಹೇಳಿದಳು. "ಎಲ್ಲಾ ಕಡೆ ಒಂದಾ ಸಮ ಹೊಡದೀವ್ರಿ ಸರ್."

ಹಾಜರಿ ಕರೆದ. ಅತೀಯಾ ಎಂದಾಗ, "ಹಾಜರ್ರಿ ಸರ್," ಎಂದಿತು ಒಂದು ದನಿ, ಉಳಿದ ನಲವತ್ತರ ಹಾಗೆಯೇ. ಅವನು ಯಲಬುರ್ಗಾದ ಹೋಳಿಗೆಯ ಕತೆ ಶುರು ಮಾಡಿದ. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ಈ ಸಲ ನೂರು ಹೋಳಿಗೆ, ಎರಡು ಬುಟ್ಟಿ. ನಲವತ್ತೊಂದು ಮಕ್ಕಳೂ ಬೆನ್ನು ನೆಟ್ಟಗೆ ಮಾಡಿ ಕೂತು, ಕಣ್ಣು ಕದಲಿಸದೆ ಕೇಳಿದರು. ಯಾರೂ ನಡುವೆ ಮಾತಾಡಲಿಲ್ಲ. ಯಾರೂ ಆಕಳಿಸಲಿಲ್ಲ. ಯಾರೂ ನಗಲಿಲ್ಲ. ಕತೆ ಮುಗಿದು ಬಹಳ ಹೊತ್ತಾದರೂ ಕೇಳುತ್ತಲೇ ಇದ್ದರು. ಬೋರ್ಡಿನ ಕೆಳಗೆ, ಎಲ್ಲ ಕಡೆ ಒಂದೇ ಸಮವಾಗಿದ್ದ ನೆಲದ ಮೇಲೆ, ಅವನು ನಿಂತೇ ಇದ್ದ.